ಹಾರ್ಡ್ ಡಿಸ್ಕ್ ಕೇಸ್ ಕೊಳ್ಳುವ ಮುಂಚೆ ಡಿಸ್ಕನ್ನೊಮ್ಮೆ ಬಿಚ್ಚಿ ನೋಡಿ

ಹೋದ ಮಳೆಗಾಲದಲ್ಲಿ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಳು. ಅವರ ಮನೆಯ ಹಳೇ ಲ್ಯಾಪ್‌ಟಾಪ್ ಆನ್ ಆಗ್ತಾನೇ ಇರಲಿಲ್ಲ. "ಬೋರ್ಡ್ ಹೋಗಿದೆ, ಒಳಗಿರೋದನ್ನ ತೆಗೆದುಕೊಡಬೇಕು ಅಂದ್ರೆ ಎಂಟು ಸಾವಿರ ಆಗುತ್ತೆ" ಅಂತ ರಿಪೇರಿ ಅಂಗಡಿಯವರು ಹೇಳಿದ್ದರಂತೆ. ಲ್ಯಾಪ್‌ಟಾಪ್ ಹೋಗಿದ್ದಕ್ಕೆ ಅಕ್ಕನಿಗೆ ಅಷ್ಟು ಬೇಜಾರಿರಲಿಲ್ಲ. ಆದರೆ ಮಗಳ ನಾಮಕರಣದ ಫೋಟೊಗಳೆಲ್ಲ ಅದರೊಳಗೇ ಇದ್ದವು. ಅವತ್ತು ಅಜ್ಜಿ ತೊಟ್ಟಿಲು ತೂಗುತ್ತ ಜೋಗುಳ ಹಾಡಿದ ವಿಡಿಯೊ ಇತ್ತು. ಅಜ್ಜಿ ಈಗಿಲ್ಲ. ಆ ವಿಡಿಯೊ ಬೇರೆ ಯಾರ ಹತ್ತಿರವೂ ಇಲ್ಲ.

ಬೋರ್ಡ್ ಕೆಟ್ಟ ಮಾತ್ರಕ್ಕೆ ಹಾರ್ಡ್ ಡಿಸ್ಕ್ ಕೆಟ್ಟಿರಬೇಕು ಅಂತೇನೂ ಇಲ್ಲ. ಎಷ್ಟೋ ಸಲ ಡಿಸ್ಕ್ ಒಳಗೆ ಆರಾಮಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಒಂದು ಕೇಸ್ ಒಳಗೆ ಕೂರಿಸಿ ಇನ್ನೊಂದು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಇದಕ್ಕೆ ಎನ್‌ಕ್ಲೋಶರ್ ಅಂತ ಬರೆದಿರುತ್ತಾರೆ. ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಕೇಸ್ ಅಥವಾ ಕೇಸಿಂಗ್ ಅಂತ ಕೇಳಿದರೆ ಸಾಕು, ತೆಗೆದುಕೊಡುತ್ತಾರೆ.

ಇದನ್ನು ಫೋನಿನಲ್ಲಿ ಹೇಳಿದ್ದೇ ತಡ, ಭಾವ ಆ ರಾತ್ರಿಯೇ ಒಂದು ಕೇಸ್ ತರಿಸಲು ಆರ್ಡರ್ ಮಾಡಿದರು. ಎಲ್ಲಕ್ಕಿಂತ ವೇಗದ್ದು ಅಂತ ಬರೆದಿತ್ತಂತೆ. ಎರಡು ದಿನಕ್ಕೆ ಬಂತು. ನೋಡಿದರೆ ಅದು ಬೆರಳುದ್ದದ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಡಿಸ್ಕ್‌ಗೆ, ಮಾಡಿದ ಕೇಸ್. ಲ್ಯಾಪ್‌ಟಾಪ್ ಒಳಗಿದ್ದದ್ದು ಅಂಗೈಯಗಲದ ಹಳೇ ಹಾರ್ಡ್ ಡಿಸ್ಕ್. ವಾಪಸ್ ಕಳಿಸಿ ಇನ್ನೊಂದು ತರಿಸುವಷ್ಟರಲ್ಲಿ ಒಂದು ವಾರ ಹೋಯಿತು. ಹೀಗೆ ಆಗುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಜನ ಮೊದಲು ಕೇಸ್ ನೋಡುತ್ತಾರೆ, ಆಮೇಲೆ ಡಿಸ್ಕ್ ನೋಡುತ್ತಾರೆ. ಅದನ್ನು ತಿರುಗಿಸಿ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಬಿಚ್ಚುವ ಮುಂಚೆ ಎರಡು ಮಾತು

ಲ್ಯಾಪ್‌ಟಾಪ್ ಕೆಳಗೆ ಬಿದ್ದಿದ್ದರೆ, ಡಿಸ್ಕ್‌ನಿಂದ ಕರಕರ ಅಂತ ಉಜ್ಜುವ ಸದ್ದು ಬರುತ್ತಿದ್ದರೆ ಅಥವಾ ನೀರು ಒಳಗೆ ಹೋಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅಂಥ ಡಿಸ್ಕ್‌ಗೆ ಪದೇ ಪದೇ ಕರೆಂಟು ಕೊಟ್ಟಷ್ಟೂ ಒಳಗಿನ ತಟ್ಟೆಗೆ ಗೀರು ಬೀಳುತ್ತದೆ. ಅದು ಕೇಸ್‌ನಿಂದ ಆಗುವ ಕೆಲಸವಲ್ಲ. ಡೇಟಾ ರಿಕವರಿ ಮಾಡುವವರ ಹತ್ತಿರವೇ ಒಯ್ಯಬೇಕು, ದುಡ್ಡು ಜಾಸ್ತಿಯಾದರೂ ಸರಿ.

ಇನ್ನೊಂದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುವುದು ಸಾಮಾನ್ಯ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಆ ಡಿಸ್ಕನ್ನು ಬಿಚ್ಚಿ ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಯಾವ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದಿರೋ, ಸಾಮಾನ್ಯವಾಗಿ ಅದೇ ಅಕೌಂಟ್‌ನಲ್ಲಿ ಆ ಕೀ ಉಳಿದಿರುತ್ತದೆ. ಫೋನಿನ ಬ್ರೌಸರ್‌ನಲ್ಲೇ ಲಾಗಿನ್ ಆಗಿ ಹುಡುಕಬಹುದು. ಕೀ ಸಿಕ್ಕರೆ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಇನ್ನೂ ನಡೆಯುತ್ತಿದ್ದರೆ, ಬಿಚ್ಚುವ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಆ ಬೀಗ ತೆಗೆಯುವುದು ಎಲ್ಲಕ್ಕಿಂತ ಸುಲಭ.

ಬಿಚ್ಚಿ ನೋಡುವುದು

ಲ್ಯಾಪ್‌ಟಾಪ್ ತಳದಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಯೂಟ್ಯೂಬಿನಲ್ಲಿ ಹಾಕಿದರೆ ಬಿಚ್ಚುವ ವಿಡಿಯೊ ಬಹುಪಾಲು ಸಿಗುತ್ತದೆ. ಮೊದಲು ಪೂರಾ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ. ಚಾರ್ಜರ್ ತೆಗೆದಿರಬೇಕು. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ತೆಗೆದಿಡಿ. ಒಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಅದರ ಕನೆಕ್ಟರನ್ನು ನಿಧಾನವಾಗಿ ಹೊರಗೆಳೆಯಿರಿ.

ಸ್ಕ್ರೂಗಳ ವಿಷಯದಲ್ಲಿ ನನಗೆ ಅಕ್ಕ ಒಂದು ಉಪಾಯ ಕೊಟ್ಟಳು. ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದಿಟ್ಟಳು. ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ. ಮೇಲಿನ ಸಾಲಿನವು ಮೇಲೆ, ಕೆಳಗಿನವು ಕೆಳಗೆ. ಲ್ಯಾಪ್‌ಟಾಪ್ ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಬೋರ್ಡ್‌ಗೆ ಚುಚ್ಚುವ ಭಯ. ಇಡ್ಲಿ ತಟ್ಟೆಯಿಂದಾಗಿ ಆ ಗೊಂದಲವೇ ಆಗಲಿಲ್ಲ.

ಮುಚ್ಚಳ ತೆಗೆದ ಮೇಲೆ ಇವುಗಳಲ್ಲಿ ಒಂದು ಕಾಣುತ್ತದೆ.

ಅಂಗೈಯಗಲದ ಚಪ್ಪಟೆ ಪೆಟ್ಟಿಗೆ ಇದ್ದರೆ ಅದು ಎರಡೂವರೆ ಇಂಚಿನ ಡಿಸ್ಕ್. ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಆಗಿರಬಹುದು, ಇಲ್ಲವೇ ಅದೇ ಅಳತೆಯ ಎಸ್‌ಎಸ್‌ಡಿ ಆಗಿರಬಹುದು. ಎರಡಕ್ಕೂ ಒಂದೇ ಕೇಸ್ ನಡೆಯುತ್ತದೆ. ತುದಿಯಲ್ಲಿ ಎಲ್ ಆಕಾರದ ಎರಡು ಚಪ್ಪಟೆ ನಾಲಿಗೆ ಇದ್ದರೆ ಅದು ಸಾಟಾ ಅನ್ನುವ ಜೋಡಣೆ. ಚಿಕ್ಕದು ಡೇಟಾಕ್ಕೆ, ಅದರಲ್ಲಿ 7 ಪಿನ್. ದೊಡ್ಡದು ಕರೆಂಟಿಗೆ, ಅದರಲ್ಲಿ 15 ಪಿನ್. ನಾಲಿಗೆಯ ಬದಲು ಸೂಜಿಯಂಥ ಪಿನ್‌ಗಳು ಎರಡು ಸಾಲಿನಲ್ಲಿ ನಿಂತಿದ್ದರೆ ಅದು ತೀರಾ ಹಳೇ ಐಡಿಇ ಡಿಸ್ಕ್. ಅದಕ್ಕೆ ಸಾಟಾ ಕೇಸ್ ಆಗುವುದಿಲ್ಲ, ಐಡಿಇ ಕೇಸ್ ಅಂತಲೇ ಹುಡುಕಬೇಕು.

ಇಲ್ಲಿ ದಪ್ಪವನ್ನೂ ಅಳೆಯಿರಿ. ಮಕ್ಕಳ ಸ್ಕೇಲ್ ಸಾಕು. ಲ್ಯಾಪ್‌ಟಾಪ್ ಡಿಸ್ಕ್‌ಗಳು ಹೆಚ್ಚಾಗಿ 7 ಮಿ.ಮೀ. ಅಥವಾ 9.5 ಮಿ.ಮೀ. ಇರುತ್ತವೆ. ಕೆಲವು ದೊಡ್ಡ ಡಿಸ್ಕ್‌ಗಳು 12.5 ಅಥವಾ 15 ಮಿ.ಮೀ. ಕೂಡ ಇವೆ. 7 ಮಿ.ಮೀ. ಮಾತ್ರ ಹಿಡಿಯುವ ತೆಳು ಕೇಸ್ ತಂದು 9.5ರ ಡಿಸ್ಕ್ ತುರುಕಲು ಹೋದರೆ ಮುಚ್ಚಳ ಕೂರುವುದಿಲ್ಲ. 9.5ರ ಕೇಸ್‌ಗೆ 7ರ ಡಿಸ್ಕ್ ಹಾಕಬಹುದು. ಅಲುಗಾಡದ ಹಾಗೆ ಜೊತೆಗೆ ಸ್ಪಾಂಜ್ ತುಂಡು ಕೊಡುತ್ತಾರೆ, ಅದನ್ನು ಮರೆಯದೆ ಹಾಕಿ.

ಬೆರಳುದ್ದದ ತೆಳು ಪಟ್ಟಿ ಇದ್ದರೆ ಅದು ಎಂ.2 ಎಸ್‌ಎಸ್‌ಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಇದೇ ಜಾಸ್ತಿ. ಲೇಬಲ್ ಮೇಲೆ 2280 ಅಂತ ಇದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಅಂತ ಅರ್ಥ. 2242, 2230 ಅಂತಲೂ ಬರುತ್ತವೆ, ಅವು ಗಿಡ್ಡ. ಕೇಸ್ ಯಾವ್ಯಾವ ಉದ್ದ ಹಿಡಿಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ.

ಆದರೆ ಎಂ.2 ಅನ್ನುವುದು ಆಕಾರದ ಹೆಸರು ಅಷ್ಟೇ. ಜನ ಎಡವುವುದೇ ಇಲ್ಲಿ. ಒಂದೇ ಆಕಾರದಲ್ಲಿ ಎರಡು ಜಾತಿ ಇವೆ: ಎಂ.2 ಸಾಟಾ ಮತ್ತು ಅದಕ್ಕಿಂತ ವೇಗದ ಎಂ.2 ಎನ್‌ವಿಎಂಇ. ಒಂದರ ಕೇಸ್ ಇನ್ನೊಂದಕ್ಕೆ ಆಗುವುದಿಲ್ಲ. ಪಿನ್‌ಗಳ ಸಾಲಿನಲ್ಲಿ ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಇದೊಂದನ್ನೇ ನಂಬಿ ದುಡ್ಡು ಕೊಡಬೇಡಿ, ಎರಡು ಕಚ್ಚಿನ ಎನ್‌ವಿಎಂಇ ಕೂಡ ಇವೆ. ಲೇಬಲ್ ಓದಿ. ಎನ್‌ವಿಎಂಇ ಅಥವಾ ಪಿಸಿಐಇ ಅಂತ ಇದ್ದರೆ ಎನ್‌ವಿಎಂಇ. ಸಾಟಾ ಅಂತ ಇದ್ದರೆ ಸಾಟಾ. ಏನೂ ತಿಳಿಯದಿದ್ದರೆ ಲೇಬಲ್ ಮೇಲಿನ ಮಾಡೆಲ್ ನಂಬರನ್ನು ಗೂಗಲ್‌ನಲ್ಲಿ ಹಾಕಿ. ಎರಡನ್ನೂ ಹಿಡಿಯುವ ಕೇಸ್‌ಗಳೂ ಬಂದಿವೆ. ಮುಂದೆ ಡಿಸ್ಕ್ ಬದಲಾಯಿಸುವ ಯೋಚನೆ ಇದ್ದರೆ ನಾನು ಅದನ್ನೇ ಕೊಳ್ಳಿ ಅನ್ನುತ್ತೇನೆ.

ಏನೂ ಕಾಣದಿದ್ದರೆ? ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಮತ್ತು 32 ಜಿಬಿ, 64 ಜಿಬಿಯ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿರುತ್ತದೆ. ಅದನ್ನು ಬಿಚ್ಚಲಾಗುವುದಿಲ್ಲ, ಕೇಸ್ ಕೊಳ್ಳುವ ಮಾತೇ ಬರುವುದಿಲ್ಲ. 2013ರಿಂದ 2015ರ ಆಸುಪಾಸಿನ ಮ್ಯಾಕ್‌ಬುಕ್ ಏರ್ ಮತ್ತು ಪ್ರೊಗಳಲ್ಲಿ ಬಿಚ್ಚಬಹುದಾದ ಪಟ್ಟಿ ಇದೆ. ಆದರೆ ಅದರ ಪಿನ್ ಆಪಲ್‌ನದೇ, ಮಾಮೂಲಿ ಎಂ.2 ಕೇಸ್ ಅದಕ್ಕೆ ಹೊಂದುವುದಿಲ್ಲ.

ಡಿಸ್ಕ್ ಕೈಗೆ ಬಂದ ಮೇಲೆ ಲೇಬಲ್ಲಿನ ಒಂದು ಫೋಟೊ ಹೊಡೆದುಕೊಳ್ಳಿ. ಅಂಗಡಿಯಲ್ಲಿ ಏನು ಕೇಳಬೇಕು ಅಂತ ಗೊತ್ತಾಗದಿದ್ದರೆ ಆ ಫೋಟೊ ತೋರಿಸಿದರೆ ಸಾಕು.

ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್

ಡಿಸ್ಕ್ ಎಷ್ಟೇ ವೇಗವಾಗಿರಲಿ, ಡೇಟಾ ಬರುವುದು ಪೋರ್ಟ್ ಮೂಲಕ ತಾನೇ? ಹಾಗಾಗಿ ಕೇಸ್ ಹಾಕುವ ಲ್ಯಾಪ್‌ಟಾಪಿನ ಪೋರ್ಟ್ ನೋಡಬೇಕು. ಒಳಗಿನ ನಾಲಿಗೆ ನೀಲಿ ಇದ್ದರೆ ಅಥವಾ ಪಕ್ಕದಲ್ಲಿ ಎಸ್‌ಎಸ್ ಅಂತ ಗುರುತಿದ್ದರೆ ಯುಎಸ್‌ಬಿ 3. ಕಪ್ಪು ಇದ್ದರೆ ಯುಎಸ್‌ಬಿ 2 ಇರಬಹುದು, ಆದರೆ ಕೆಲವು ಕಂಪನಿಗಳು ಯುಎಸ್‌ಬಿ 3ಕ್ಕೂ ಕಪ್ಪನ್ನೇ ಹಾಕುತ್ತವೆ. ಮಾಡೆಲ್ ನಂಬರ್ ಹಾಕಿ ನೋಡಿದರೆ ಅನುಮಾನ ಇರುವುದಿಲ್ಲ.

ಯುಎಸ್‌ಬಿ ಹೆಸರುಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. 2008ರಲ್ಲಿ ಯುಎಸ್‌ಬಿ 3.0 ಅಂತ ಬಂದದ್ದಕ್ಕೆ ಆಮೇಲೆ 3.1 ಜೆನ್ 1 ಅಂತ ಹೆಸರಾಯಿತು, ಅದಾದ ಮೇಲೆ 3.2 ಜೆನ್ 1 ಅಂತಾಯಿತು. ಮೂರೂ ಒಂದೇ. ಡಬ್ಬಿಯ ಮೇಲೆ 3.2 ಅಂತ ದೊಡ್ಡದಾಗಿ ಇದ್ದರೆ ಹೊಸದು ಅಂತ ಅಂದುಕೊಳ್ಳಬೇಡಿ. ಹೆಸರು ಬಿಟ್ಟು ಅಂಕಿ ನೋಡಿ: ಸೆಕೆಂಡಿಗೆ 5 ಗಿಗಾಬಿಟ್, 10 ಗಿಗಾಬಿಟ್, 20 ಗಿಗಾಬಿಟ್. ಇದು ಗಿಗಾಬಿಟ್, ಗಿಗಾಬೈಟ್ ಅಲ್ಲ. 8 ಬಿಟ್ ಸೇರಿ ಒಂದು ಬೈಟ್. ದಾರಿಯಲ್ಲಿ ಒಂದಷ್ಟು ಸೋರಿಕೆಯೂ ಇದೆ. ಹಾಗಾಗಿ 5 ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ 400ರಿಂದ 450 ಎಂಬಿ, 10 ಗಿಗಾಬಿಟ್‌ನಲ್ಲಿ ಸುಮಾರು 1000 ಎಂಬಿ ಸಿಗುತ್ತದೆ. ಹಳೇ ಯುಎಸ್‌ಬಿ 2ರಲ್ಲಿ 30ರಿಂದ 40 ಎಂಬಿ ಸಿಕ್ಕರೆ ದೊಡ್ಡದು.

ಇದನ್ನು ಮನೆಯ ಲೆಕ್ಕಕ್ಕೆ ತರೋಣ. 100 ಜಿಬಿ ಫೋಟೊ, ವಿಡಿಯೊ ಇದೆ ಅಂದುಕೊಳ್ಳಿ. ಯುಎಸ್‌ಬಿ 2ರಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ತಟ್ಟೆ ತಿರುಗುವ ಹಾರ್ಡ್ ಡಿಸ್ಕನ್ನು 5 ಗಿಗಾಬಿಟ್ ಕೇಸ್‌ನಲ್ಲಿ ಹಾಕಿದರೆ ಹದಿನೇಳು ನಿಮಿಷ, ಏಕೆಂದರೆ ಆ ಡಿಸ್ಕೇ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಡುತ್ತದೆ. ಸಾಟಾ ಎಸ್‌ಎಸ್‌ಡಿ ಅದೇ ಕೇಸ್‌ನಲ್ಲಿ ನಾಲ್ಕು ನಿಮಿಷ. ಎನ್‌ವಿಎಂಇ 10 ಗಿಗಾಬಿಟ್ ಕೇಸ್‌ನಲ್ಲಿ ಎರಡು ನಿಮಿಷದೊಳಗೆ. ಇನ್ನೊಂದು ತುದಿಯ ಡಿಸ್ಕ್ ಕೂಡ ಅಷ್ಟೇ ವೇಗವಾಗಿರಬೇಕು ಅನ್ನಿ. ಸಣ್ಣ ಸಣ್ಣ ಫೋಟೊಗಳು ಸಾವಿರಗಟ್ಟಲೆ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಅಂದರೆ ಹಳೇ ಹಾರ್ಡ್ ಡಿಸ್ಕ್‌ಗೆ 10 ಗಿಗಾಬಿಟ್ ಕೇಸ್ ಕೊಂಡರೆ ಸುಮ್ನೆ ದುಡ್ಡು ದಂಡ. 5 ಗಿಗಾಬಿಟ್ ಸಾಕೇ ಸಾಕು. ಸಾಟಾ ಎಸ್‌ಎಸ್‌ಡಿಗೂ 5 ಸಾಕು. ಎನ್‌ವಿಎಂಇಗೆ ಮಾತ್ರ 10. ಅದಕ್ಕಿಂತ ಮೇಲಿನ 20 ಗಿಗಾಬಿಟ್ ಕೇಸ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ವೇಗ ಕೊಡುವ ಪೋರ್ಟ್ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ, ಇಲ್ಲದಿದ್ದರೆ ಅದು 10ಕ್ಕೋ 5ಕ್ಕೋ ಇಳಿದು ಕೆಲಸ ಮಾಡುತ್ತದೆ. 40 ಗಿಗಾಬಿಟ್‌ನ ಥಂಡರ್‌ಬೋಲ್ಟ್, ಯುಎಸ್‌ಬಿ 4 ಕೇಸ್‌ಗಳು ವಿಡಿಯೊ ಎಡಿಟಿಂಗ್ ಮಾಡುವವರಿಗೆ ಇರಲಿ.

ಒಳಗಿನ ಚಿಪ್

ಕೇಸ್ ಅಂದರೆ ಬರೀ ಡಬ್ಬಿ ಅಲ್ಲ. ಒಳಗೊಂದು ಸಣ್ಣ ಬೋರ್ಡ್ ಇರುತ್ತದೆ, ಅದರ ಮೇಲೊಂದು ಚಿಪ್. ಡಿಸ್ಕ್ ಆಡುವ ಮಾತನ್ನು ಯುಎಸ್‌ಬಿ ಮಾತಿಗೆ ತಿರುಗಿಸುವುದು ಅದೇ. ಡಬ್ಬಿ ಎಷ್ಟು ಚಂದ ಇದ್ದರೂ ಚಿಪ್ ಸರಿ ಇಲ್ಲದಿದ್ದರೆ ಕಾಪಿ ನಡುವೆ ಡಿಸ್ಕ್ ಕಳಚಿಕೊಳ್ಳುತ್ತದೆ.

ಎರಡೂವರೆ ಇಂಚಿನ ಸಾಟಾ ಕೇಸ್‌ಗಳಲ್ಲಿ ಜೆಮೈಕ್ರಾನ್ ಜೆಎಂಎಸ್578, ಎಎಸ್‌ಮೀಡಿಯಾ ಎಎಸ್‌ಎಂ1153ಇ ಅನ್ನುವ ಚಿಪ್‌ಗಳು ಬಹಳ ಕಾಲದಿಂದ ಇವೆ. ಎನ್‌ವಿಎಂಇಗೆ ಜೆಎಂಎಸ್583, ಎಎಸ್‌ಎಂ2362 ಇವೆ. ರಿಯಲ್‌ಟೆಕ್ ಆರ್‌ಟಿಎಲ್9210ಬಿ ಅನ್ನುವುದು ಎನ್‌ವಿಎಂಇ ಮತ್ತು ಸಾಟಾ ಎರಡನ್ನೂ ನೋಡಿಕೊಳ್ಳುತ್ತದೆ. ಮಾರುವವರು ಚಿಪ್ ಹೆಸರು ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. ಬರೆಯದಿದ್ದರೆ ಕೊಂಡವರು ಬರೆದ ರಿವ್ಯೂಗಳಲ್ಲಿ ಚಿಪ್ ನಂಬರ್ ಹುಡುಕಿ, ಯಾರಾದರೂ ಹಾಕಿರುತ್ತಾರೆ.

ಡಬ್ಬಿಯ ಮೇಲೆ ಯುಎಎಸ್‌ಪಿ ಅಂತ ಇದೆಯಾ ನೋಡಿ. ಹಳೇ ರೀತಿಯಲ್ಲಿ ಡಿಸ್ಕ್‌ಗೆ ಒಂದು ಕೆಲಸ ಹೇಳಿ, ಅದು ಮುಗಿಯುವವರೆಗೆ ಕಾದು, ಆಮೇಲೆ ಇನ್ನೊಂದು ಹೇಳಬೇಕಿತ್ತು. ಯುಎಎಸ್‌ಪಿ ಇದ್ದರೆ ಹತ್ತಾರು ಕೆಲಸಗಳನ್ನು ಒಟ್ಟಿಗೆ ಒಪ್ಪಿಸಬಹುದು. ಎಸ್‌ಎಸ್‌ಡಿಗೆ ಇದರಿಂದ ಬಹಳ ಲಾಭ, ತಿರುಗುವ ಡಿಸ್ಕ್‌ಗೆ ಅಷ್ಟೇನಿಲ್ಲ. ವಿಂಡೋಸ್ 8ರಿಂದ ಈಚೆಗೆ ಇದಕ್ಕೆ ಬೇರೆ ಡ್ರೈವರ್ ಬೇಕಿಲ್ಲ. ಎಸ್‌ಎಸ್‌ಡಿ ಹಾಕುವವರು ಟ್ರಿಮ್ ಇದೆಯಾ ಅಂತಲೂ ಕೇಳಿ. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ ಏರ್ಪಾಡು ಅದು. ಇಲ್ಲದಿದ್ದರೆ ಬಳಸುತ್ತ ಬಳಸುತ್ತ ಬರೆಯುವ ವೇಗ ಕುಗ್ಗಬಹುದು.

ಕರೆಂಟು ಸಾಲುತ್ತದಾ?

ಅಕ್ಕನ ಮನೆಯಲ್ಲಿ ಎರಡನೇ ಕೇಸ್ ಬಂದ ದಿನದ್ದು ಇದು. ಡಿಸ್ಕ್ ಕೂರಿಸಿ ಭಾವನ ಆಫೀಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದೆವು. ಮೇಜಿನ ಮೇಲೆ ಒಂದು ಯುಎಸ್‌ಬಿ ಹಬ್ ಇತ್ತು. ಮೌಸು, ಪ್ರಿಂಟರು, ಫೋನು ಎಲ್ಲ ಅದಕ್ಕೇ. ಕೇಸನ್ನೂ ಅದಕ್ಕೇ ಸಿಕ್ಕಿಸಿದರು ಭಾವ. ನೀಲಿ ದೀಪ ಮಿನುಗಿತು. ಒಳಗಿನಿಂದ ಟಿಕ್... ಟಿಕ್... ಅಂತ ಸದ್ದು. ದೀಪ ಆರಿತು. ಮತ್ತೆ ಹೊತ್ತಿತು. ಮತ್ತೆ ಟಿಕ್. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಹೋಯ್ತೇನೋ?" ಅಂದಳು. ಭಾವನ ಮುಖವೂ ಇಳಿದುಹೋಯಿತು.

"ತಾಳಿ ಭಾವ, ಹಬ್ ಬಿಟ್ಟು ನೇರ ಹಾಕೋಣ" ಅಂದೆ. ಲ್ಯಾಪ್‌ಟಾಪಿನ ಎಡಗಡೆ ನೀಲಿ ಪೋರ್ಟ್‌ಗೆ ಹಾಕಿದ ಕೂಡಲೇ ಟಿಕ್ ಸದ್ದು ನಿಂತು ಸಣ್ಣಗೆ ಗುಂಯ್ ಅಂತ ಶುರುವಾಯಿತು. ಕೇಸ್ ಮೇಲೆ ಬೆರಳಿಟ್ಟರೆ ತಟ್ಟೆ ತಿರುಗುವುದು ಗೊತ್ತಾಗುತ್ತಿತ್ತು. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಎದ್ದು ನಿಲ್ಲುವಷ್ಟು ಕರೆಂಟು ಸಿಕ್ಕಿರಲಿಲ್ಲ, ಅಷ್ಟೇ.

ಕಾರಣ ಹೀಗಿದೆ. ಡಿಸ್ಕ್‌ನ ಲೇಬಲ್ ಮೇಲೆ 5 ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವ ಆ ಕೆಲವು ಸೆಕೆಂಡುಗಳಲ್ಲಿ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ನಿಯಮದ ಪ್ರಕಾರ ಯುಎಸ್‌ಬಿ 2 ಪೋರ್ಟ್ ಕೊಡುವುದು 0.5 ಆಂಪಿಯರ್, ಯುಎಸ್‌ಬಿ 3 ಕೊಡುವುದು 0.9. ಹಬ್‌ನಲ್ಲಿ ಅದನ್ನೇ ನಾಲ್ಕು ಜನ ಹಂಚಿಕೊಂಡರೆ ಡಿಸ್ಕ್‌ಗೆ ಉಳಿಯುವುದೇನು? ಹಾಗಾಗಿ ನೇರ ಪೋರ್ಟ್‌ಗೆ, ಗಿಡ್ಡ ಕೇಬಲ್‌ನಲ್ಲಿ ಹಾಕಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ 2 ಮಾತ್ರ ಇದ್ದರೆ ಎರಡು ತಲೆಯ ವೈ ಕೇಬಲ್ ಸಿಗುತ್ತದೆ, ಒಂದು ತಲೆ ಡೇಟಾಕ್ಕೆ, ಇನ್ನೊಂದು ಬರೀ ಕರೆಂಟಿಗೆ. ಸಾಟಾ ಎಸ್‌ಎಸ್‌ಡಿಗಳಲ್ಲಿ ಈ ತೊಂದರೆ ಕಡಿಮೆ, ತಿರುಗುವುದೇನೂ ಇಲ್ಲವಲ್ಲ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಮೂರೂವರೆ ಇಂಚಿನ ಡಿಸ್ಕ್ ಬೇರೆಯೇ ಕಥೆ. ಅದರ ಮೋಟರಿಗೆ 12 ವೋಲ್ಟ್ ಬೇಕು. ಮಾಮೂಲಿ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್. ಅಡಾಪ್ಟರ್ ಜೊತೆಗೆ ಬರುವ ಕೇಸನ್ನೇ ಕೊಳ್ಳಬೇಕು. ಹಳೇ ಕೇಸ್‌ಗಳು ಕೆಲವು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಸರಿಯಾಗಿ ಗುರುತಿಸುವುದಿಲ್ಲ, ಎಷ್ಟು ಟಿಬಿವರೆಗೆ ಆಗುತ್ತದೆ ಅಂತ ಕೇಳಿಯೇ ದುಡ್ಡು ಕೊಡಿ.

ಪ್ಲಾಸ್ಟಿಕ್ಕಾ, ಅಲ್ಯೂಮಿನಿಯಮ್ಮಾ?

ಹಾರ್ಡ್ ಡಿಸ್ಕ್‌ಗೆ ಮತ್ತು ಸಾಟಾ ಎಸ್‌ಎಸ್‌ಡಿಗೆ ಪ್ಲಾಸ್ಟಿಕ್ ಸಾಕು. ಸ್ಕ್ರೂ ಬೇಡದ, ಮುಚ್ಚಳ ಜಾರಿಸಿ ತೆಗೆಯುವ ಕೇಸ್‌ಗಳು ಮನೆ ಬಳಕೆಗೆ ಬಹಳ ಅನುಕೂಲ. ಎನ್‌ವಿಎಂಇಗೆ ಮಾತ್ರ ಅಲ್ಯೂಮಿನಿಯಂ ಬೇಕೇ ಬೇಕು. ದೊಡ್ಡ ಫೈಲ್ ಹಾಕುವಾಗ ಅದು ಚೆನ್ನಾಗಿ ಕಾಯುತ್ತದೆ, ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆ ಬಿಸಿ ಹೊರಗೆ ಹೋಗುವುದು ಲೋಹದ ಮೈಯಿಂದಲೇ. ಚಿಪ್ ಮತ್ತು ಲೋಹದ ನಡುವೆ ಹಾಕುವ ಮೆತ್ತನೆಯ ಥರ್ಮಲ್ ಪ್ಯಾಡ್ ಡಬ್ಬಿಯಲ್ಲಿ ಇದೆಯಾ ನೋಡಿ. ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಸುಲಿದೇ ಅಂಟಿಸಬೇಕು. ಕೇಸ್ ಮುಟ್ಟಿದರೆ ಬಿಸಿ ಅನಿಸಿದರೆ ಹೆದರಬೇಡಿ, ಒಳಗಿನ ಬಿಸಿ ಹೊರಗೆ ಬರುತ್ತಿದೆ ಅಂತ ಅರ್ಥ.

ಕೆಲವು ಕೇಸ್‌ಗಳು ಹತ್ತು ನಿಮಿಷ ಕೆಲಸ ಇಲ್ಲದಿದ್ದರೆ ಡಿಸ್ಕನ್ನು ಮಲಗಿಸುತ್ತವೆ. ಆಗೊಮ್ಮೆ ಈಗೊಮ್ಮೆ ಬ್ಯಾಕಪ್ ಮಾಡುವವರಿಗೆ ಅದು ಒಳ್ಳೆಯದು. ಟಿವಿಗೆ ಹಾಕಿ ಸಿನಿಮಾ ನೋಡುವವರಿಗೆ ಕಿರಿಕಿರಿ, ಸಿನಿಮಾ ನಿಲ್ಲಿಸಿ ಎದ್ದು ಹೋಗಿ ಬಂದರೆ ಮತ್ತೆ ಏಳಲು ಹೊತ್ತು ತೆಗೆದುಕೊಳ್ಳುತ್ತದೆ.

ಕೇಬಲ್

ಕೇಸ್ ಕಡೆಯ ಕಿಂಡಿ ಎರಡು ಥರ ಬರುತ್ತದೆ. ಒಂದು ಅಗಲವಾದ, ಎರಡು ಭಾಗ ಇರುವ ಮೈಕ್ರೋ-ಬಿ. ಇನ್ನೊಂದು ಟೈಪ್-ಸಿ. ನಾನು ಟೈಪ್-ಸಿ ಪರ. ಮೈಕ್ರೋ-ಬಿ ಕಿಂಡಿ ಪದೇ ಪದೇ ಹಾಕಿ ತೆಗೆದರೆ ಸಡಿಲ ಆಗುತ್ತದೆ, ಕೇಬಲ್ ಸ್ವಲ್ಪ ಅಲುಗಿದರೂ ಡಿಸ್ಕ್ ಕಳಚಿಕೊಳ್ಳುತ್ತದೆ. ಅದರ ಕೇಬಲ್ ಕಳೆದುಹೋದರೆ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಸಿಗುವುದೂ ಕಷ್ಟ.

ಹಾಗಂತ ಫೋನ್ ಚಾರ್ಜರಿನ ಟೈಪ್-ಸಿ ಕೇಬಲ್ ಹಾಕಬೇಡಿ. ಅವು ಹೆಚ್ಚಾಗಿ ಯುಎಸ್‌ಬಿ 2 ವೇಗದವು. ಕೇಸ್ ಚೆನ್ನಾಗಿದ್ದೂ ಕಾಪಿ 40 ಎಂಬಿ ದಾಟುತ್ತಿಲ್ಲ ಅಂದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಡಬ್ಬಿಯಲ್ಲಿ ಬಂದ ಕೇಬಲ್ಲನ್ನೇ ರಬ್ಬರ್ ಬ್ಯಾಂಡ್ ಹಾಕಿ ಕೇಸ್ ಜೊತೆಗೇ ಇಟ್ಟುಬಿಡಿ.

ವೈರ್‌ಲೆಸ್ ಮೌಸ್ ಇದ್ದವರಿಗೆ ಒಂದು ಮಾತು. ಕೇಸ್ ಹಾಕಿದ ಕೂಡಲೇ ಮೌಸ್ ತಡೆತಡೆದು ಓಡಿದರೆ ಮೌಸ್ ಕೆಟ್ಟಿದೆ ಅಂತಲ್ಲ. ಯುಎಸ್‌ಬಿ 3ರಿಂದ ಹೊರಡುವ, ಕಿವಿಗೆ ಕೇಳದ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊಗೆ ಅಡ್ಡ ಬರುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ತಿಳಿಸಿತ್ತು. ಮೌಸಿನ ಪುಟ್ಟ ರಿಸೀವರನ್ನು ಇನ್ನೊಂದು ಬದಿಯ ಪೋರ್ಟ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ.

ಕೊಳ್ಳುವಾಗ

ನಾನು ನೋಡಿದ ಮಟ್ಟಿಗೆ ಎರಡೂವರೆ ಇಂಚಿನ ಒಳ್ಳೆಯ ಸಾಟಾ ಕೇಸ್ 500ರಿಂದ 1000 ರೂಪಾಯಿ ಒಳಗೆ ಸಿಗುತ್ತದೆ. ಎನ್‌ವಿಎಂಇ ಕೇಸ್‌ಗೆ 1500ರಿಂದ 3000. ಒಂದೇ ಸಲ ಡೇಟಾ ತೆಗೆದುಕೊಂಡು ಡಿಸ್ಕನ್ನು ಪಕ್ಕಕ್ಕಿಡುವವರಿಗೆ ಕೇಸ್ ಕೂಡ ಬೇಡ, ಸಾಟಾದಿಂದ ಯುಎಸ್‌ಬಿಗೆ ಬರುವ ಬರಿಯ ಕೇಬಲ್ ಸಿಗುತ್ತದೆ. ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು ಕಾಪಿ ಮಾಡಿಕೊಂಡರಾಯಿತು.

ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ಗೆ ಡಿಸ್ಕನ್ನೇ ತೆಗೆದುಕೊಂಡು ಹೋಗಿ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿ ಕುಲುಕದ ಹಾಗೆ. ಅಂಗಡಿಯಲ್ಲೇ ಕೂರಿಸಿ ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿ ಅಂತ ಕೇಳಿ. ಆದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫೋಲ್ಡರುಗಳನ್ನು ತೆರೆಯುವುದು ಬೇಡ, ಡಿಸ್ಕ್ ಕಾಣಿಸಿದರೆ ಸಾಕು. ಆನ್‌ಲೈನ್ ಆದರೆ ವಾಪಸ್ ಮಾಡುವ ಅವಕಾಶ ಇರುವುದನ್ನೇ ಕೊಳ್ಳಿ. ಕೇಸ್ ಒಳಗೇ 16 ಟಿಬಿ ಎಸ್‌ಎಸ್‌ಡಿ ಇದೆ, ಬೆಲೆ ಎರಡು ಸಾವಿರ ಅಂತ ಜಾಹೀರಾತು ಕಂಡರೆ ಮುಟ್ಟಲೇಬೇಡಿ. ಸಣ್ಣ ಮೆಮೊರಿ ಕಾರ್ಡ್ ಇಟ್ಟು ದೊಡ್ಡ ಅಂಕಿ ತೋರಿಸುವ ಮೋಸ ಅದು. ತುಂಬಿದ ಮೇಲೆ ಹಾಕಿದ ಫೈಲ್‌ಗಳೆಲ್ಲ ಹಾಳಾಗುತ್ತವೆ.

ಕೂರಿಸಿದ ಮೇಲೆ

ಡಿಸ್ಕನ್ನು ಕನೆಕ್ಟರಿಗೆ ನೇರವಾಗಿ, ಸಮನಾಗಿ ತಳ್ಳಿ. ಓರೆಯಾಗಿ ಒತ್ತಿದರೆ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ಆಮೇಲೆ ರಿಪೇರಿ ಕಷ್ಟ. ಎಂ.2 ಪಟ್ಟಿಯನ್ನು ಓರೆಯಾಗಿ ಸಿಕ್ಕಿಸಿ ಆಮೇಲೆ ಕೆಳಗೆ ಒತ್ತಬೇಕು, ಅದರ ಕ್ರಮ ಹಾಗೆ. ತುದಿಯಲ್ಲಿ ರಬ್ಬರ್ ಬಿರಟೆ ಅಥವಾ ಸಣ್ಣ ಸ್ಕ್ರೂ ಹಾಕಿ.

ಚುಚ್ಚಿದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ದಯವಿಟ್ಟು ಬೇಡ ಅನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಳೇ ಡಿಸ್ಕ್‌ನ ಫೈಲ್ ಸಿಸ್ಟಮ್, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಏರ್ಪಾಡು, ಕೆಟ್ಟಿರಬಹುದು ಅಥವಾ ಅದು ಮ್ಯಾಕ್, ಲಿನಕ್ಸ್‌ನ ಡಿಸ್ಕ್ ಆಗಿರಬಹುದು. ಒಳಗಿರುವುದು ಬೇಕು ಅಂತಾದರೆ ಫಾರ್ಮ್ಯಾಟ್ ಒತ್ತಬಾರದು. ಹಳೇ ಯೂಸರ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಅಂತ ಬಂದರೆ ಗಾಬರಿ ಬೇಡ. ಅಲ್ಲೇ ಕಂಟಿನ್ಯೂ ಒತ್ತಿ ಕಾಯಿರಿ. ಫೈಲ್ ಜಾಸ್ತಿ ಇದ್ದರೆ ಹಸಿರು ಗೆರೆ ಬಹಳ ಹೊತ್ತು ತೆವಳುತ್ತದೆ.

ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ. ಕಳೆದುಕೊಳ್ಳಲಾಗದ್ದು ಯಾವುದೋ ಅದನ್ನು ಮೊದಲು. ನಾವು ನಾಮಕರಣದ ಫೋಲ್ಡರನ್ನು ಮೊದಲು ತೆಗೆದೆವು. ವಿಡಿಯೊ ತೆರೆದಾಗ ಅಜ್ಜಿಯ ಬಳೆ ಸದ್ದು ತೊಟ್ಟಿಲಿನ ಕಿರ್ ಕಿರ್ ಜೊತೆ ಕೇಳಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದದ್ದನ್ನೆಲ್ಲ ಆಮೇಲೆ ನಿಧಾನವಾಗಿ ಕಾಪಿ ಮಾಡಿದೆವು.

ಎಲ್ಲ ಹೊರಗೆ ಬಂದ ಮೇಲೆ ಡಿಸ್ಕ್ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್‌ನ ಸಣ್ಣ ಸಣ್ಣ ತುಣುಕುಗಳಿಗೆ ಸೆಕ್ಟರ್ ಅನ್ನುತ್ತಾರೆ. ಕೆಟ್ಟ ಸೆಕ್ಟರುಗಳು, ಸರಿಯಾಗಿ ಓದಲಾಗದೆ ಬಾಕಿ ಇರುವ ಸೆಕ್ಟರುಗಳು ಅಂತ ಲೆಕ್ಕ ತೋರಿಸುತ್ತದೆ. ಹಳದಿ ಅಥವಾ ಕೆಂಪು ಬಂದರೆ ಆ ಡಿಸ್ಕ್‌ಗೆ ಬೇಕಾದ್ದನ್ನು ಮತ್ತೆ ಹಾಕಬೇಡಿ. ನೀಲಿ ಇದ್ದರೆ ಬ್ಯಾಕಪ್‌ಗೆ ಬಳಸಬಹುದು, ಆಗ ಬೇಕಾದರೆ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಅನ್ನುವ ಫಾರ್ಮ್ಯಾಟ್. ಮ್ಯಾಕ್‌ನಲ್ಲೂ ಬರೆಯಬೇಕು ಅಂದರೆ ಎಕ್ಸ್‌ಫ್ಯಾಟ್, ಮ್ಯಾಕ್ ಎನ್‌ಟಿಎಫ್‌ಎಸ್ ಅನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಹಿಡಿಯುವುದಿಲ್ಲ.

ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. 50 ಜಿಬಿಯಷ್ಟು ಫೈಲ್‌ಗಳನ್ನು ಒಂದೇ ಸಮನೆ ಹಾಕಿ, ವಾಪಸ್ ತೆಗೆಯಿರಿ. ಇದಕ್ಕೆ ಬೇರೆ ಕಡೆ ಕಾಪಿ ಇರುವ ಫೈಲ್‌ಗಳನ್ನೇ ಬಳಸಿ. ನಡುವೆ ಕಳಚಿಕೊಂಡಿತಾ, ವೇಗ ಒಮ್ಮೆಲೇ ಬಿತ್ತಾ, ಕೇಬಲ್ ತುಸು ಅಲುಗಿಸಿದರೆ ಏನಾಗುತ್ತದೆ, ನೋಡಿ. ಬೇರೆ ಪೋರ್ಟ್, ಬೇರೆ ಕೇಬಲ್ ಹಾಕಿದರೂ ಕಳಚಿಕೊಂಡರೆ ಆ ಕೇಸ್ ವಾಪಸ್ ಕಳಿಸಿಬಿಡಿ. ನಾಲ್ಕುನೂರು ರೂಪಾಯಿ ಅಲ್ವಾ, ಇರಲಿ ಅಂತ ಇಟ್ಟುಕೊಳ್ಳಬೇಡಿ.

ಅಕ್ಕನ ಡಿಸ್ಕ್‌ನಲ್ಲಿ ಹಳದಿ ಬಂತು. ಬಾಕಿ ಸೆಕ್ಟರುಗಳು ಕೆಲವು ಇದ್ದವು. ಅದಕ್ಕೇ ಅದೇ ಕೇಸ್ ಒಳಗೆ ಈಗ ಹೊಸ ಸಾಟಾ ಎಸ್‌ಎಸ್‌ಡಿ ಇದೆ. ಒಂದು ಕಾಪಿ ಅದರಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ನನ್ನ ಹತ್ತಿರ. ಹಳೇ ಡಿಸ್ಕನ್ನು ಅಕ್ಕ ಎಸೆಯಲು ಒಪ್ಪಲಿಲ್ಲ. ಬಟ್ಟೆ ಸುತ್ತಿ, ಅಜ್ಜಿಯ ಹೆಸರು ಬರೆದು, ಬೀರುವಿನಲ್ಲಿ ಇಟ್ಟಿದ್ದಾಳೆ.